ಶುಕ್ರವಾರದ ನೀರು

ಮನೆ ಕಟ್ಟಿಸುವವರ ಮೇಲೆ ನನಗೊಂದು ಹಳೆಯ ಸಿಟ್ಟಿದೆ. ಟೈಲ್ಸ್ ಆರಿಸಲಿಕ್ಕೆ ಹೆಂಡತಿ ಮಕ್ಕಳನ್ನೆಲ್ಲ ಕಟ್ಟಿಕೊಂಡು ಹುಬ್ಬಳ್ಳಿಗೆ ಹೋಗುತ್ತಾರೆ. ಸಾಲದ್ದಕ್ಕೆ ಅಂಗಡಿಯಿಂದಲೇ ಫೋಟೋ ಕಳಿಸಿ, ‘ಸರ, ಇದು ಚಲೋ ಐತೋ ಅದು ಚಲೋ ಐತೋ’ ಎಂದು ನನ್ನ ತಲೆ ತಿನ್ನುತ್ತಾರೆ. ಪಾಯ ತೋಡಿದ ದಿನ ಮಾತ್ರ ಒಬ್ಬರೂ ಬಂದು ಇಣುಕಿ ನೋಡುವುದಿಲ್ಲ. ಪೂಜೆಗೆ ಬಂದವರು ಕಾಯಿ ಒಡೆದು, ಪೇಢೆ ತಿಂದು, ಕುಣಿಯ ಅಂಚಿನಲ್ಲಿ ಒಂದು ಸೆಲ್ಫಿ ತೆಗೆದುಕೊಂಡು ಹೊರಡುತ್ತಾರೆ. ಮುಂದೆ ಮಣ್ಣಲ್ಲಿ ಮುಚ್ಚಿಹೋಗುವುದನ್ನು ಯಾಕೆ ನೋಡಬೇಕು ಎಂಬ ಲೆಕ್ಕ ಅವರದು. ಡಿಪ್ಲೊಮಾ ಮುಗಿಸಿ ಗಜೇಂದ್ರಗಡದಲ್ಲಿ ಬೋರ್ಡು ಹಾಕಿದಾಗಿನಿಂದ ನಾನು ಇದಕ್ಕೆ ರೇಗುತ್ತಲೇ ಬಂದಿದ್ದೇನೆ. ಜನ ನಗುತ್ತಾರೆ. ‘ಪ್ರಾಣೇಶ ಇಂಜಿನಿಯರ್ ಬಾಯಿ ಕೆಟ್ಟದ್ದು, ಕೆಲಸ ಚಲೋ’ ಎಂದು ಊರಲ್ಲಿ ಹೇಳಿಕೊಂಡು ತಿರುಗುತ್ತಾರೆ.

ಮುಚ್ಚಿಹೋಗುವ ಇನ್ನೊಂದು ಕೆಲಸವಿದೆ, ಕಟ್ಟಿದ್ದಕ್ಕೆ ನೀರು ಹಾಕುವುದು. ಸಿಮೆಂಟು ಒಣಗಿ ಗಟ್ಟಿಯಾಗುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ಒಣಗಿ ಗಟ್ಟಿಯಾಗುವುದಿಲ್ಲ, ನೀರು ಕುಡಿದು ಗಟ್ಟಿಯಾಗುತ್ತದೆ. ಮೊದಲ ಕೆಲವು ವಾರ ಹೊಟ್ಟೆ ತುಂಬ ಕುಡಿಸಬೇಕು. ಸ್ಲ್ಯಾಬಿನ ಮೇಲೆ ಹೊಲದಲ್ಲಿ ಕಟ್ಟಿದ ಹಾಗೆ ಮಡಿ ಕಟ್ಟಿ ನೀರು ನಿಲ್ಲಿಸಬೇಕು, ಕಂಬಗಳಿಗೆ ಗೋಣಿತಟ್ಟು ಸುತ್ತಿ ತೋಯಿಸುತ್ತಿರಬೇಕು. ನಮ್ಮ ಕಡೆಯ ಬಿಸಿಲಿಗೂ ಗಾಳಿಗೂ ಬೆಳಿಗ್ಗೆ ಹಾಕಿದ್ದು ಊಟದ ಹೊತ್ತಿಗೆ ಇರುವುದಿಲ್ಲ. ಅದಕ್ಕೆ ಸೈಟಿನಲ್ಲೇ ಬಿದ್ದುಕೊಂಡಿರುವ ಒಂದು ಜೀವ ಬೇಕು. ನನ್ನ ಸೈಟುಗಳಲ್ಲಿ ಆ ಜೀವ ಕಮರುನ್ನಿಸಾ. ನಾವೆಲ್ಲ ಕರೆಯುವುದು ಕಮರಬಿ ಎಂದು.

ಐವತ್ತರ ಆಚೀಚಿನ ಹೆಂಗಸು. ಗಂಡ ಸತ್ತ ಮೇಲೆ ಕೆಲಸ ಕೇಳಿಕೊಂಡು ನನ್ನ ಹತ್ತಿರ ಬಂದವಳು. ಮಕ್ಕಳಿಲ್ಲ. ಒಂದು ಟ್ರಂಕು, ಒಂದು ಹಾಸಿಗೆಯ ಸುರುಳಿ, ಒಂದು ನೆಗ್ಗು ಬಿದ್ದ ಅಲ್ಯುಮಿನಿಯಂ ಕೊಡ, ಇಷ್ಟೇ ಅವಳ ಸಂಸಾರ. ಪಾಯದ ಕೆಲಸ ನಡೆಯುವಾಗ ತಗಡಿನ ಶೆಡ್ಡಿನಲ್ಲಿ ಇರುತ್ತಾಳೆ. ಸ್ಲ್ಯಾಬು ಹಾಕಿ ಕೆಳಗಿನ ಆಸರೆ ಬಿಚ್ಚಿದ ಕೂಡಲೇ ಒಳಗೆ ಬರುತ್ತಾಳೆ. ಮುಂದೆ ಅಡುಗೆ ಮನೆಯಾಗುವ ಮೂಲೆಯಲ್ಲಿ ಮೂರು ಇಟ್ಟಿಗೆ ಇಟ್ಟು ಒಲೆ ಹೂಡುತ್ತಾಳೆ. ಮುರಿದ ಹಲಗೆ ಚೂರುಗಳೇ ಸೌದೆ. ಆಮೇಲೆ ಮನೆಯವರು ಒಳ್ಳೆಯ ದಿನ ನೋಡಿ, ನೆಂಟರಿಷ್ಟರನ್ನು ಕರೆದು, ಅದೇ ಮೂಲೆಯಲ್ಲಿ ಹೊಸ ಗ್ಯಾಸಿನ ಮೇಲೆ ಹಾಲು ಉಕ್ಕಿಸಿ ‘ಇದು ಈ ಮನಿ ಮೊದಲನೇ ಒಲಿ’ ಎಂದು ಕೈ ಮುಗಿಯುತ್ತಾರೆ. ನಾನು ಹಿಂದೆ ನಿಂತು ನಗು ತಡೆದುಕೊಳ್ಳುತ್ತೇನೆ. ಅಲ್ಲಿ ಕಮರಬಿ ಎಷ್ಟು ರೊಟ್ಟಿ ಬಡಿದಿದ್ದಾಳೋ ದೇವರಿಗೇ ಗೊತ್ತು.

ಅಂಥ ದಿನ ಅವಳು ಮಾತ್ರ ಅಲ್ಲಿ ಇರುವುದಿಲ್ಲ. ನೆಲಕ್ಕೆ ಟೈಲ್ಸ್ ಕೂಡಿಸುವವರು ಬಂದರೆಂದರೆ ಅವಳು ಟ್ರಂಕು ಎತ್ತಿದಳೆಂದೇ ಅರ್ಥ. ‘ಫರಸಿ ಬಂತು, ನನ್ನ ಋಣ ಮುಗೀತ್ರಿ’ ಎನ್ನುತ್ತಾಳೆ. ಬಣ್ಣ ಹಚ್ಚಿದ, ಪರದೆ ಕಟ್ಟಿದ, ಮಂದಿ ಓಡಾಡುವ ಮನೆಯನ್ನು ಅವಳು ಒಳಗಿನಿಂದ ನೋಡಿದ್ದೇ ಇಲ್ಲ. ಒಮ್ಮೆ ನರೇಗಲ್ ಸಂತೆಗೆ ಹೋದಾಗ ತಾನೇ ನೀರು ಹಾಕಿದ ಮನೆಯೊಂದರ ಗೇಟಿನ ಮುಂದೆ ನಿಂತಿದ್ದಳಂತೆ. ಒಳಗಿನಿಂದ ಹೆಣ್ಣುಮಗಳೊಬ್ಬಳು ಬಂದು ‘ಯಾರಬೇಕಾಗಿತ್ತು?’ ಎಂದು ಕೇಳಿದಳಂತೆ. ‘ಯಾರೂ ಬ್ಯಾಡ್ರಿ’ ಎಂದು ಸರಸರ ನಡೆದು ಬಂದುಬಿಟ್ಟಳಂತೆ. ಇದನ್ನು ನನಗೆ ಹೇಳಿ ಅವಳೇ ನಕ್ಕಳು. ನನಗೆ ನಗು ಬರಲಿಲ್ಲ.

ಕೆಲಸದಲ್ಲಿ ಅವಳದೊಂದು ಹಟವಿತ್ತು. ನಾನು ಬಂದು ಗೋಡೆ ಮುಟ್ಟಿ ನೋಡಿ, ‘ಸಾಕು ಕಮರಬಿ’ ಅನ್ನುವ ತನಕ ನೀರು ನಿಲ್ಲಿಸುತ್ತಿರಲಿಲ್ಲ. ಗೋಡೆ ಕಟ್ಟುವ ಗೌಂಡಿ ಹೇಳಿದರೂ ಕೇಳುತ್ತಿರಲಿಲ್ಲ, ಮನೆಯ ಮಾಲೀಕ ಹೇಳಿದರೂ ಕೇಳುತ್ತಿರಲಿಲ್ಲ. ‘ಸಾಹೇಬ್ರು ಸಾಕು ಅಂದಿಲ್ರಿ’ ಅನ್ನುವಳು. ಇನ್ನೊಂದು ಹಟ ಶುಕ್ರವಾರದ್ದು. ವಾರಕ್ಕೆ ಒಮ್ಮೆ, ಶುಕ್ರವಾರ ಮಧ್ಯಾಹ್ನದ ನೀರು ಹಾಕಿ ಮುಗಿಸಿ, ಕೊಡ ಹಿಡಿದುಕೊಂಡು ರೋಣದ ಬಸ್ಸು ಹತ್ತಿಬಿಡುತ್ತಿದ್ದಳು. ಸಂಜೆಗೆ ವಾಪಸು. ಬಸ್ಸಿಗೆ ಖಾಲಿ ಕೊಡ ಯಾಕೆ ಎಂದು ಕೇಳಿದರೆ, ‘ಇರ್ಲಿ ಬಿಡ್ರಿ’ ಎನ್ನುತ್ತಿದ್ದಳು. ‘ನಂದೂ ಒಂದು ಮನಿ ಐತ್ರಿ ರೋಣದಾಗ’ ಎಂದು ಒಂದೆರಡು ಸಲ ಹೇಳಿದ್ದಳು. ಮನೆ ಇದ್ದರೆ ಇಲ್ಲಿ ಕಂಡವರ ಮೆಟ್ಟಿಲ ಕೆಳಗೆ ಯಾಕೆ ಮಲಗುತ್ತೀ ಎಂದರೆ, ‘ಅದು ಇನ್ನೂ ತಯಾರಾಗಿಲ್ರಿ’ ಎಂದು ಮಾತು ಮುಗಿಸುವಳು. ನಾನೂ ಹೆಚ್ಚು ಕೆದಕಲಿಲ್ಲ.

ಮೇ ತಿಂಗಳ ಒಂದು ದಿನ, ಕೊಟ್ರೇಶ ಎಂಬವರ ಮನೆಯ ಸ್ಲ್ಯಾಬು ಹಾಕಿ ಮುಗಿಸಿದ್ದ ಹೊತ್ತು, ಸೈಟಿಗೆ ಮೋಟರ್ ಸೈಕಲ್ ಮೇಲೆ ಜಮಾಲಸಾಬ ಬಂದ. ಕಮರಬಿಯ ಮೈದುನ. ರೋಣದಲ್ಲಿ ಬಾಗಿಲು ಕಿಟಕಿ ಮಾಡುವ ಬಡಿಗ, ಮೆತ್ತಗಿನ ಮನುಷ್ಯ. ಮೊದಲು ಅತ್ತಿಗೆಯ ಜೊತೆ ಮೇಲೆ ಹೋಗಿ ಏನೋ ಮಾತಾಡಿದ. ಧ್ವನಿ ಏರಿತು, ಇಳಿಯಿತು. ಆಮೇಲೆ ನನ್ನ ಹತ್ತಿರ ಬಂದ.

‘ಸಾಹೇಬ್ರ, ನಮ್ಮ ಅಣ್ಣ ಕಟ್ಟಿದ ಮನಿ ನಮ್ಮ ಮನಿ ಬಾಜೂಕ ಐತ್ರಿ. ಪಡುವಣ ಗ್ವಾಡಿ ಬಾಯಿ ಬಿಟ್ಟೈತಿ. ಮೊನ್ನೆ ಕಿಡಕಿ ಮ್ಯಾಗಿಂದ ಒಂದು ಇಟ್ಟಿಗಿ ಬಿತ್ತು. ಓಣಿ ಹುಡುಗೂರು ಅಲ್ಲೇ ಆಡತಾವು. ಮಳಿ ಹಿಡಿಯೂದ್ರಾಗ ಕೆಡವೋಣು ಅಂದ್ರ ಭಾಬಿ ಕೇಳವಲ್ಲಳು. ನೀವೊಂದು ಮಾತು ಹೇಳ್ರಿ.’

ಕಮರಬಿ ಪೈಪು ಹಿಡಿದುಕೊಂಡೇ ಸ್ಲ್ಯಾಬಿನ ಅಂಚಿಗೆ ಬಂದಳು.

‘ಸಾಹೇಬ್ರು ಬಂದು ನೋಡ್ಲಿ. ಅವ್ರು ಕೆಡವು ಅಂದ್ರ ಕೆಡವತೀನಿ. ಮತ್ತ ಯಾರು ಹೇಳಿದ್ರೂ ಇಲ್ಲ’ ಎಂದಳು. ಪೈಪಿನ ನೀರು ಮಡಿ ತುಂಬಿ ಹೊರಗೆ ಹರಿಯುತ್ತಿತ್ತು. ಅದರ ಕಡೆ ಅವಳ ಲಕ್ಷ್ಯವೇ ಇರಲಿಲ್ಲ.

ಅವಳ ಗಂಡ ದಾದಾಪೀರನನ್ನು ನಾನು ಬಲ್ಲೆ. ಗಜೇಂದ್ರಗಡದ ಗೌಂಡಿ. ಇಲ್ಲಿ ಗುಡ್ಡದ ಬುಡ, ಮೊಣಕಾಲುದ್ದ ಅಗೆದರೆ ಗರಸು ಮಣ್ಣು, ಇನ್ನಷ್ಟು ಅಗೆದರೆ ಕಲ್ಲು. ಅಂಥ ನೆಲದಲ್ಲಿ ಪಳಗಿದ ಕೈ ಅವನದು. ಅವನು ಸ್ವಂತ ಮನೆ ಕಟ್ಟಿದ ರೋಣದ್ದು ಬೇರೆಯೇ ಕಥೆ. ಅಲ್ಲಿ ಎರೆ ಭೂಮಿ, ಕರಿ ಮಣ್ಣು. ಬಿಳಿಜೋಳಕ್ಕೆ ಅಂಥ ಮಣ್ಣು ಇನ್ನೊಂದಿಲ್ಲ, ಮನೆಗೆ ಅದರಷ್ಟು ಕೆಟ್ಟದ್ದೂ ಇನ್ನೊಂದಿಲ್ಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ತೂರುವಷ್ಟು ಸೀಳುತ್ತದೆ. ಮೇಲಿರುವ ಮನೆಯೂ ಅದರ ಜೊತೆ ಏರಿ ಇಳಿಯಬೇಕಾಗುತ್ತದೆ. ಆಳೆತ್ತರ ಇಳಿದಾದರೂ ಸರಿ, ಎರೆ ದಾಟಿ ಗರಸಿಗೆ ಮುಟ್ಟಿ ಪಾಯ ಹಾಕಬೇಕು. ಆದರೆ ಬಿರುಬೇಸಿಗೆಯಲ್ಲಿ ಅದೇ ಎರೆ ಕಲ್ಲಿನಷ್ಟು ಗಟ್ಟಿಯಾಗಿ ಗುದ್ದಲಿಯನ್ನೇ ತಿರುಗಿಸಿ ಒಗೆಯುತ್ತದೆ. ಗುಡ್ಡದ ಊರಿನ ಗೌಂಡಿ ಅದನ್ನು ಕಂಡು ಗಟ್ಟಿ ನೆಲ ಸಿಕ್ಕಿತೆಂದು ತಿಳಿಯುವುದು ಸಹಜ. ದಾದಾಪೀರನೂ ಹಾಗೆಯೇ ತಿಳಿದಿರಬೇಕು. ಈ ಲೆಕ್ಕವನ್ನೆಲ್ಲ ನಾನು ಗಜೇಂದ್ರಗಡದಲ್ಲಿ ಕೂತೇ ಮಾಡಿ ಮುಗಿಸಿದ್ದೆ. ಹೋಗುವುದು, ನೋಡುವುದು, ‘ಕೆಡವ್ರಿ’ ಎಂದು ಹೇಳಿ ಬರುವುದು, ಇಷ್ಟೇ ಉಳಿದಿತ್ತು.

ನನಗೆ ಬಿಡುವು ಸಿಕ್ಕಿದ್ದು ಶುಕ್ರವಾರ. ಮಧ್ಯಾಹ್ನದ ನೀರು ಹಾಕಿ ಬಸ್ಸಿಗೆ ಬರುತ್ತೇನೆಂದು ಕಮರಬಿ ಅಂದಳು. ನಾನು ಬೈಕಿನಲ್ಲಿ ಮುಂಚೆ ಹೊರಟೆ. ಸೂಡಿ ದಾಟಿದ ಮೇಲೆ ನೆಲದ ಬಣ್ಣ ಕಪ್ಪಾಗುತ್ತ ಹೋಯಿತು. ಹೊಲಗಳು ಬಾಯಿ ಬಿಟ್ಟು ಮಲಗಿದ್ದವು. ಎಲ್ಲಿಯೂ ಒಂದು ಹಸಿರು ಎಲೆ ಇರಲಿಲ್ಲ.

ಊರಿನ ಅಂಚಿನಲ್ಲಿತ್ತು ಆ ಮನೆ. ಒಂದು ಖೋಲಿ, ಒಂದು ಅಡುಗೆ ಮನೆ, ಮೇಲೆ ಜಮಾಲಸಾಬ ಆಮೇಲೆ ಹೊದಿಸಿದ ತಗಡು. ಸಣ್ಣದಾದರೂ ಕೈಗೆಲಸ ನೋಡುವಂತಿತ್ತು. ಇಟ್ಟಿಗೆಯ ಸಾಲುಗಳು ನೂಲು ಹಿಡಿದ ಹಾಗೆ ನೆಟ್ಟಗಿದ್ದವು. ಬಾಗಿಲ ಮೇಲೆ ದಾದಾಪೀರ ಸಿಮೆಂಟಿನಲ್ಲೇ ಒಂದು ಬಳ್ಳಿ ತೀಡಿದ್ದ. ಮೂಡಣ, ತೆಂಕಣ, ಬಡಗಣ ಗೋಡೆಗಳಲ್ಲಿ ಕೂದಲೆಳೆಯಂಥ ಬಿರುಕು ಇದ್ದವು, ಅಷ್ಟೇ. ಆ ಓಣಿಯ ಎಲ್ಲ ಮನೆಗಳಿಗೂ ಅಂಥವು ಇದ್ದವು. ಪಾಯ ಎಲ್ಲರದೂ ಎರೆಯ ಮೇಲೇ ನಿಂತಿತ್ತು, ಎಲ್ಲರೂ ಬದುಕಿಕೊಂಡಿದ್ದರು. ಪಡುವಣ ಗೋಡೆ ಮಾತ್ರ ಕಿಟಕಿಯ ಮೂಲೆಯಿಂದ ತಗಡಿನವರೆಗೆ ಸೀಳಿತ್ತು. ಬಿರುಕು ಕೆಳಗೆ ಸಣ್ಣದು, ಮೇಲೆ ಹೋದಂತೆ ಅಗಲ. ಎರಡು ಬೆರಳು ಒಳಗೆ ಹೋಗುತ್ತಿದ್ದವು. ಅಂದರೆ ಗೋಡೆಯ ತುದಿಗಳು ಕೆಳಗೆ ಇಳಿದಿದ್ದವು, ನಡು ಮೇಲಕ್ಕೆ ಎದ್ದಿತ್ತು.

ನನಗೆ ತಲೆ ಕೆಟ್ಟುಹೋಯಿತು. ಅದೇ ಗೌಂಡಿ, ಅದೇ ಮಣ್ಣು, ಅದೇ ಪಾಯ. ಮೂರು ಗೋಡೆ ನಿಂತು ಒಂದೇ ಯಾಕೆ ಒಡೆಯಬೇಕು? ಬಗ್ಗಿ ಬುಡ ನೋಡಿದೆ. ಊರೆಲ್ಲ ಸುಟ್ಟು ಕರಕಲಾಗಿದ್ದ ಆ ಮೇ ತಿಂಗಳಲ್ಲಿ, ಪಡುವಣ ಗೋಡೆಯ ಬುಡದಲ್ಲಿ ಉದ್ದಕ್ಕೂ ಹಸಿರು ಹುಲ್ಲು ಬೆಳೆದಿತ್ತು. ಜಮಾಲಸಾಬನ ಆಡೊಂದು ಅಲ್ಲಿ ನೆಮ್ಮದಿಯಿಂದ ಮೇಯುತ್ತಿತ್ತು.

‘ಇಲ್ಲಿ ನಳದ ಪೈಪ್ ಹಾದೈತೇನು?’ ಎಂದು ಕೇಳಿದೆ.

‘ಇಲ್ರಿ’ ಎಂದ ಜಮಾಲಸಾಬ.

‘ಬಚ್ಚಲ ನೀರ?’

‘ಮನ್ಯಾಗ ಯಾರೂ ಇರೂದಽ ಇಲ್ಲಲ್ರಿ, ಬಚ್ಚಲೆಲ್ಲಿಂದು?’

‘ಮತ್ತ ಈ ಹುಲ್ಲು ಏನು ನಿನ್ನ ಆಡು ಬಿತ್ತಿದ್ದೇನು?’ ಎಂದು ರೇಗಿದೆ. ಅವನು ಆಡಿನ ಕಡೆ ನೋಡಿದ.

ಅಷ್ಟರಲ್ಲಿ ಕಮರಬಿ ಬಂದಳು. ಬಸ್ಸಿಳಿದವಳು ಓಣಿಯ ನಳಕ್ಕೆ ಹೋಗಿ ಕೊಡ ತುಂಬಿಸಿಕೊಂಡೇ ಬಂದಿದ್ದಳು. ನನ್ನನ್ನು ನೋಡಿ ಸೆರಗು ಎಳೆದುಕೊಂಡಳು, ಆದರೆ ನಿಲ್ಲಲಿಲ್ಲ. ಆಡನ್ನು ಅತ್ತ ಸರಿಸಿ, ಗೋಡೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ನೀರು ಸುರಿದಳು. ಹಸಿ ಗೋಡೆಗೆ ಹಾಕುವ ಹಾಗೆ, ಕೈಯನ್ನು ಅಡ್ಡ ಹಿಡಿದು, ರಭಸ ಮುರಿದು ಹಾಕುತ್ತಿದ್ದಳು. ಖಾಲಿಯಾದ ಮೇಲೆ ಮತ್ತೆ ನಳಕ್ಕೆ ಹೋದಳು, ಮತ್ತೆ ತಂದಳು. ಸೈಟಿನಲ್ಲಿ ಅವಳು ನೀರು ಹಾಕುವುದನ್ನು ದಿನಾ ನೋಡಿದವನು ನಾನು. ಈ ಮುಖವನ್ನು ನೋಡಿರಲಿಲ್ಲ. ಏನೋ ಮಾತಾಡುತ್ತಿರುವವಳ ಹಾಗೆ ಕಾಣುತ್ತಿದ್ದಳು.

‘ಏನ ಮಾಡಾಕತ್ತಿ ಕಮರಬಿ?’

‘ನೀರ ಹಾಕಾಕತ್ತೀನ್ರಿ.’

‘ಯಾವಾಗಿಂದ?’

‘ಅವ್ರು ಹೋದಾಗಿಂದ್ರಿ.’

ಮನೆಯಲ್ಲಿ ಕಡೆಗೆ ಎದ್ದದ್ದು ಪಡುವಣ ಗೋಡೆಯಂತೆ. ಕಡೆಯ ಸಾಲು ಇಟ್ಟ ಮರುದಿನವೇ ದಾದಾಪೀರನಿಗೆ ಎದೆ ನೋವು ಬಂತು. ಗದಗಿಗೆ ಒಯ್ಯಲು ಗಾಡಿಗೆ ಹತ್ತಿಸುವಾಗ ಹೆಂಡತಿಯ ಕೈ ಹಿಡಿದು, ಪಡುವಣ ಗೋಡೆ ಇನ್ನೂ ಹಸಿ ಇದೆ, ನೀರು ಹಾಕುವುದು ಬಿಡಬೇಡ ಎಂದನಂತೆ. ದವಾಖಾನೆಯಿಂದ ಹೆಣವಾಗಿ ಬಂದ. ಮಣ್ಣು ಮಾಡಿದ ದಿನವೂ ಅವಳು ಆ ಗೋಡೆಗೆ ನೀರು ಹಾಕಿದಳು. ಮೊದಲು ದಿನಾ ಹಾಕಿದಳು. ನನ್ನ ಹತ್ತಿರ ಕೆಲಸಕ್ಕೆ ಬಂದ ಮೇಲೆ ಶುಕ್ರವಾರಕ್ಕೊಮ್ಮೆ ಹಾಕಿದಳು. ಆಗಿನಿಂದ ಇವತ್ತಿನವರೆಗೆ ಒಂದು ಶುಕ್ರವಾರವನ್ನೂ ತಪ್ಪಿಸಿರಲಿಲ್ಲ.

ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ‘ಎಷ್ಟು ಮನಿಗೆ ನೀರ ಹಾಕೀದಿ, ಎಷ್ಟು ದಿವಸ ಹಾಕಬೇಕು ಅನ್ನೂದು ನಿನಗ ಗೊತ್ತಿಲ್ಲೇನು?’ ಎಂದುಬಿಟ್ಟೆ.

‘ಮಂದಿ ಗ್ವಾಡಿದು ಗೊತ್ತೈತ್ರಿ’ ಎಂದಳು ಅವಳು. ‘ಅಲ್ಲಿ ನೀವು ಬಂದು ಸಾಕು ಅಂತೀರಿ. ಇಲ್ಲಿ ಸಾಕು ಅನ್ನೂವರು ಯಾರೂ ಬರಲಿಲ್ರಿ.’

ನಾನು ಹುಲ್ಲನ್ನು ಕಿತ್ತು ಬೇರಿಗೆ ಅಂಟಿದ ಮಣ್ಣನ್ನು ತೋರಿಸಿದೆ. ಹಿಸುಕಿದರೆ ಬೆಣ್ಣೆಯ ಹಾಗಿತ್ತು. ಗೋಡೆ ತನಗೆ ಬೇಕಾದ ನೀರನ್ನು ಆಗಲೇ ಕುಡಿದು ಮುಗಿಸಿದೆ, ಆಮೇಲೆ ಹಾಕಿದ್ದೆಲ್ಲ ಕೆಳಗಿನ ಎರೆಗೆ ಹೋಗಿದೆ, ಸುತ್ತಲಿನ ನೆಲ ಒಣಗಿ ಇಳಿದಾಗ ಇಲ್ಲಿಯದು ಮಾತ್ರ ಉಬ್ಬಿ ಗೋಡೆಯನ್ನು ನಡುವೆ ಎತ್ತಿದೆ ಎಂದು ಹೇಳಿದೆ. ಹೇಳುತ್ತ ಹೇಳುತ್ತ ನನ್ನ ಧ್ವನಿ ಸಣ್ಣದಾಯಿತು. ಯಾಕೆಂದರೆ ಅವಳಿಗೆ ಅರ್ಥವಾಗುತ್ತಿರುವುದು ನನಗೆ ಕಾಣುತ್ತಿತ್ತು.

‘ಹಂಗಾರ ನಾನಽ ಒಡದೆನ್ರಿ ಇದನ್ನ?’ ಎಂದು ಕೇಳಿದಳು.

ಸುಳ್ಳು ಹೇಳಬೇಕೆನಿಸಿತು. ‘ನೆಲದ ತಪ್ಪು ಕಮರಬಿ. ಎರಿ ಭೂಮಿ ಐತಲ್ಲ’ ಎಂದೆ.

‘ನೆಲಾ ಕುಡೀತು. ಕುಡಿಸಿದಾಕಿ ನಾನು’ ಎಂದಳು. ಕೊಡದ ತಳದಲ್ಲಿ ಇನ್ನೂ ಒಂದಿಷ್ಟು ನೀರಿತ್ತು. ಅದನ್ನು ಎಲ್ಲಿ ಚೆಲ್ಲಬೇಕೆಂದು ತಿಳಿಯದೆ ಆಚೆ ಈಚೆ ನೋಡಿ, ಕಡೆಗೆ ಓಣಿಯ ಗಟಾರದ ತನಕ ನಡೆದುಹೋಗಿ ಚೆಲ್ಲಿದಳು.

ಅವಳು ಅತ್ತ ಹೋದಾಗ ಜಮಾಲಸಾಬ ಮೆಲ್ಲಗೆ ಹೇಳಿದ.

‘ನಮ್ಮಲ್ಲಿ ಹೆಣ್ಮಕ್ಕಳು ಕಬರಸ್ತಾನಕ್ಕ ಹೋಗೂದಿಲ್ರಿ. ಶುಕ್ರವಾರ ನಮಾಜ್ ಮುಗಿಸಿ ಅಣ್ಣನ ಕಬರಿಗೆ ನಾ ನೀರ ಹಾಕಿ ಬರ್ತೀನಿ. ಅದಽ ಹೊತ್ತಿಗೆ ಭಾಬಿ ಇಲ್ಲಿ ಹಾಕ್ತಾಳ. ಇವತ್ತ ನೀವು ಬರ್ತೀರಂತ ನಾ ಹೋಗಿಲ್ರಿ. ನನಗ ಗೊತ್ತಿತ್ರಿ, ನೀರಿನಿಂದಽ ಬಿರಿಯಾಕತ್ತೈತಿ ಅಂತ ಅನಮಾನಾನೂ ಇತ್ತು. ಹ್ಯಾಂಗ ಬ್ಯಾಡ ಅನ್ಲಿ?’

ಗೋಡೆ ಒಡೆದ ಕಾರಣ ನನಗೆ ಸಿಕ್ಕಿತ್ತು, ಇಂಜಿನಿಯರನಾಗಿ ಖುಷಿಪಡಬೇಕಾದ ಗಳಿಗೆ ಅದು. ಖುಷಿಯಾಗಲಿಲ್ಲ. ಕಬರಸ್ತಾನದಲ್ಲಿ ಗಂಡಸರು ನೀರು ಹಾಕುವ ಹೊತ್ತಿಗೆ ಅವಳು ಗಂಡ ಮುಟ್ಟಿದ ಕಡೆಯ ಗೋಡೆಗೆ ನೀರು ಹಾಕುತ್ತಿದ್ದಳು. ಅದನ್ನು ನಿಲ್ಲಿಸಿದರೆ ಮನೆ ಉಳಿಯುತ್ತದೆ, ನಿಲ್ಲಿಸದಿದ್ದರೆ ಬೀಳುತ್ತದೆ. ನೀರೋ ಮನೆಯೋ, ಎರಡರಲ್ಲಿ ಒಂದನ್ನು ಅವಳ ಕೈಯಿಂದ ಕಿತ್ತುಕೊಳ್ಳುವುದು ನನ್ನ ಪಾಲಿಗೆ ಬಂದಿತ್ತು.

‘ಕೆಡವೂದು ಬ್ಯಾಡ’ ಎಂದೆ, ಅವಳು ತಿರುಗಿ ಬಂದ ಮೇಲೆ. ‘ಈ ನೆಲಾ ಒಣಗಿ ಉಳಿದ ನೆಲದ ಸಮಾ ಆಗಬೇಕು. ಅಲ್ಲೀತನಕ ಒಂದು ಹನಿ ಬೀಳಬಾರದು. ಜಮಾಲಸಾಬ, ಕಿಡಕಿ ಮ್ಯಾಲಿಂದು ಬೀಳಲಾರದಂಗ ನೀ ಕಟಿಗಿ ಆಸರ ಕೊಡು. ಹುಲ್ಲು ಕಿತ್ತು ಸುತ್ತಲೂ ಫರಸಿ ಹಾಸಿ ಹೊರಗ ಇಳಿಜಾರ ಮಾಡು, ಮಳಿ ನೀರೂ ಬುಡಕ್ಕ ಇಳೀಬಾರದು.’

ಅವನ ಅಂಗಡಿಯಿಂದ ಕಿಟಕಿಯ ಗಾಜಿನ ಒಂದು ಪಟ್ಟಿ ತರಿಸಿದೆ. ಬಿರುಕಿನ ಮೇಲೆ ಅಡ್ಡವಾಗಿಟ್ಟು ಎರಡೂ ತುದಿಗೆ ಸಿಮೆಂಟು ಮೆತ್ತಿದೆ. ಗೋಡೆ ಅಲ್ಲಾಡಿದರೆ ಗಾಜು ಒಡೆಯುತ್ತದೆ. ಒಂದು ಮಳೆಗಾಲ, ಒಂದು ಬೇಸಿಗೆ ಪೂರಾ ಕಳೆದು ಗಾಜು ಹಾಗೇ ಇದ್ದರೆ ಗೋಡೆ ನಿಂತಿತೆಂದು ಲೆಕ್ಕ. ಆಗ ಬಿರುಕಿಗೆ ಸರಳು ಕೂಡಿಸಿ ಹೊಲಿದು ಮನೆಯೊಳಗೆ ಇರಬಹುದು. ಒಡೆಯುತ್ತಲೇ ಹೋದರೆ ಕೆಡವಲೇಬೇಕು. ಇದನ್ನು ಕಮರಬಿಗೆ ಬಿಡಿಸಿ ಹೇಳಿದೆ. ಅವಳು ಕೇಳಿಸಿಕೊಂಡು ನನ್ನ ಮುಖವನ್ನೇ ನೋಡುತ್ತ ನಿಂತಳು. ಇನ್ನೊಂದು ಮಾತು ಬಾಕಿ ಇದೆ ಎನ್ನುವ ಹಾಗೆ ನಿಂತಿದ್ದಳು. ನನಗೆ ಆಮೇಲೆ ಹೊಳೆಯಿತು. ಗೋಡೆಯ ಮೇಲೆ ಕೈಯಿಟ್ಟು, ಸೈಟಿನಲ್ಲಿ ಹೇಳುವ ಹಾಗೆಯೇ, ‘ಸಾಕು ಕಮರಬಿ’ ಎಂದೆ.

‘ಹೌದ್ರಿ’ ಎಂದು ತಲೆ ಆಡಿಸಿದಳು. ಬಸ್ಸಿಗೆ ಹೋಗುವಾಗ ಕೊಡವನ್ನು ಜಮಾಲಸಾಬನ ಮನೆಯಲ್ಲೇ ಬಿಟ್ಟು ಹೋದಳು.

ಅದರ ಮುಂದಿನ ಶುಕ್ರವಾರ ಅವಳು ಎಲ್ಲಿಗೂ ಹೋಗಲಿಲ್ಲ. ಕೊಟ್ರೇಶರ ಸ್ಲ್ಯಾಬಿಗೆ ಎಷ್ಟು ನೀರು ಬಿಟ್ಟಳೆಂದರೆ ಅದು ಮೆಟ್ಟಿಲಿಳಿದು ರಸ್ತೆಗೆ ಬಂತು. ‘ಏನ್ರಿ ಇಂಜಿನಿಯರ್ ಸಾಹೇಬ್ರ, ನನಗ ಮನಿ ಕಟ್ಟಾಕತ್ತೀರೊ ಕೆರಿ ಕಟ್ಟಾಕತ್ತೀರೊ?’ ಎಂದು ಕೊಟ್ರೇಶರು ಫೋನಿನಲ್ಲಿ ನಕ್ಕರು. ನಾನು ಅವರ ಮೇಲೆ ವಿನಾಕಾರಣ ರೇಗಿದೆ. ಎರಡನೆಯ ಶುಕ್ರವಾರ, ಮೂರನೆಯ ಶುಕ್ರವಾರವೂ ಹೀಗೇ ಆಯಿತು. ಆಮೇಲೆ ಅವಳು ಮತ್ತೆ ಬಸ್ಸು ಹತ್ತತೊಡಗಿದಳು, ಖಾಲಿ ಕೈಯಲ್ಲಿ. ರೋಣಕ್ಕೆ ಹೋಗಿ ಪಡುವಣ ಗೋಡೆಯ ಎದುರು ಒಂದು ಕಲ್ಲಿನ ಮೇಲೆ ಕೂತಿದ್ದು, ಎದ್ದು ಬರುತ್ತಾಳೆಂದು ಜಮಾಲಸಾಬ ಹೇಳಿದ. ‘ನಿನ್ನ ಕೊಡದಾಗ ನೀರ ತುಂಬಿ ಕೊಡು, ನಾ ಅಣ್ಣನ ಕಬರಿಗೆ ಹಾಕಿ ಬರ್ತೀನಿ’ ಎಂದು ಅವನು ಕೇಳಿದನಂತೆ. ‘ನಿನ್ನ ನೀರ ನೀ ಹಾಕು’ ಎಂದಳಂತೆ.

ಸೈಟಿನಲ್ಲಿ ಮಾತು ಕಡಿಮೆಯಾಯಿತು. ಮೊದಲೆಲ್ಲ ಗೌಂಡಿಗಳನ್ನು ಛೇಡಿಸುತ್ತಿದ್ದವಳು, ಈಗ ಅವರು ಊಟಕ್ಕೆ ಕೂತರೆ ಎದ್ದು ಮೇಲೆ ಹೋಗುತ್ತಿದ್ದಳು. ಕೊಟ್ರೇಶರ ಮನೆಗೆ ಟೈಲ್ಸ್ ಬಂತು, ಅವಳು ಟ್ರಂಕು ಎತ್ತಿಕೊಂಡು ಇನ್ನೊಂದು ಸೈಟಿಗೆ ಹೋದಳು. ಹಾಲು ಉಕ್ಕಿಸುವ ದಿನ ಬಾ ಎಂದು ಈ ಸಲ ನಾನೇ ಕರೆದೆ. ‘ನಾ ಯಾರಂತ ಬರ್ಲಿರಿ?’ ಎಂದಳು. ಅವತ್ತು ಆ ಮನೆಯಲ್ಲಿ ಹೋಳಿಗೆ ನನಗೆ ರುಚಿಸಲಿಲ್ಲ.

ಚಳಿಗಾಲ ಮುಗಿಯುವ ಹೊತ್ತಿಗೆ ಗಾಜು ಒಡೆಯಿತು. ನಾನು ಅಂದುಕೊಂಡದ್ದೇ. ಇಷ್ಟು ವರ್ಷ ಕುಡಿದ ಮಣ್ಣು ಒಣಗಿ ಇಳಿಯುವಾಗ ಗೋಡೆಯೂ ಇಳಿಯಬೇಕಲ್ಲ. ನಾನು ಹಾಗೆಂದು ಹೇಳಿದರೂ ಕಮರಬಿ ನಂಬಲಿಲ್ಲ. ಗಾಜಿನ ಚೂರು ಕೈಯಲ್ಲಿ ಹಿಡಿದು, ‘ನೀರ ಹಾಕೂದು ಬಿಟ್ಟದ್ದಕ್ಕ ಸಿಟ್ಟ ಆಗೇತ್ರಿ’ ಎಂದಳು. ಗೋಡೆಗೆ ಸಿಟ್ಟು ಬರುವುದಿಲ್ಲ ಎಂದೆ. ಅವಳು ನನ್ನನ್ನು ಸಣ್ಣ ಹುಡುಗನನ್ನು ನೋಡುವ ಹಾಗೆ ನೋಡಿದಳು. ಬಿರುಕು ಮಾತ್ರ ಖರೇ ಹೇಳಬೇಕೆಂದರೆ ಕಿರಿದಾಗಿತ್ತು. ಎರಡು ಬೆರಳು ಹೋಗುತ್ತಿದ್ದಲ್ಲಿ ಈಗ ಒಂದು ಕಷ್ಟಪಟ್ಟು ಹೋಗುತ್ತಿತ್ತು. ಇನ್ನೊಂದು ಗಾಜು ಹಚ್ಚಿದೆ.

ಆ ಬೇಸಿಗೆ ಕಳೆಯಿತು. ಮಳೆ ಬಂತು. ಹೊಳೆಆಲೂರಿನ ಕಡೆ ಹೊಳೆ ಹೊಲಕ್ಕೆ ನುಗ್ಗಿದ ಸುದ್ದಿ ಬಂದ ವಾರ ರೋಣದಲ್ಲೂ ಬಿಡದೆ ಸುರಿಯಿತು. ನಾನು ದಿನಾ ಜಮಾಲಸಾಬನಿಗೆ ಫೋನು ಮಾಡುತ್ತಿದ್ದೆ. ಸಾವಿರ ಚದರಡಿಯ ಮನೆಗಳಿಗೆ ಇಲ್ಲದ ಚಿಂತೆ ಆ ಒಂದು ಖೋಲಿಗೆ. ‘ಗಾಜ ಹಂಗಽ ಐತ್ರಿ’ ಎನ್ನುತ್ತಿದ್ದ. ದೀಪಾವಳಿ ಕಳೆಯಿತು, ಜೋಳದ ಸುಗ್ಗಿ ಕಳೆಯಿತು, ಮತ್ತೆ ನೆಲ ಬಾಯಿ ಬಿಡುವ ಕಾಲ ಬಂತು. ಗಾಜು ಹಾಗೇ ಇತ್ತು.

ಮೇ ತಿಂಗಳ ಕೊನೆಗೆ ನನ್ನ ಗೌಂಡಿಯನ್ನು ಕರೆದುಕೊಂಡು ಹೋಗಿ ಬಿರುಕಿನ ಉದ್ದಕ್ಕೂ ಸಡಿಲ ಇಟ್ಟಿಗೆ ತೆಗೆಸಿ, ಅಡ್ಡ ಸರಳು ಇಟ್ಟು, ಹೊಸ ಸಿಮೆಂಟು ತುಂಬಿಸಿ ಹೊಲಿಸಿದೆ. ಹೊಸ ಸಿಮೆಂಟು ಎಂದ ಮೇಲೆ ನೀರು ಬೇಕೇ ಬೇಕು. ಒದ್ದೆ ಗೋಣಿತಟ್ಟು ಒತ್ತಿ ಹಿಡಿಯಬೇಕು, ಹನಿ ಕೆಳಗೆ ಇಳಿಯಬಾರದು. ಆ ಕೆಲಸ ಕಮರಬಿಯೇ ಮಾಡಿದಳು. ಮಗುವಿಗೆ ಜ್ವರ ಬಂದಾಗ ಹಣೆಗೆ ಬಟ್ಟೆ ಇಡುವ ಹಾಗೆ ತಟ್ಟನ್ನು ಹಿಂಡಿ ಹಿಂಡಿ ಇಟ್ಟಳು. ಎಷ್ಟೋ ತಿಂಗಳ ಮೇಲೆ ಅವಳ ಮುಖದಲ್ಲಿ ಗೆಲುವು ಕಂಡೆ. ಗೋಡೆ ಮುಟ್ಟಿ ನೋಡಿ ‘ಸಾಕು’ ಅನ್ನಬೇಕಾದ ದಿನ ಬಂದಾಗ ನಾನು ಬೇಕಂತಲೇ ಎರಡು ದಿನ ತಡ ಮಾಡಿ ಹೋದೆ.

ಅವಳು ತನ್ನ ಮನೆಯೊಳಗೆ ಇರಲಿಕ್ಕೆ ಹೋಗಿ ಒಂದು ವಾರವಾದ ಮೇಲೆ, ರೋಣದಲ್ಲಿ ಬೇರೆ ಕೆಲಸವಿದ್ದದ್ದಕ್ಕೆ ಆ ಕಡೆ ತಿರುಗಿದೆ. ಶುಕ್ರವಾರ ಎನ್ನುವುದು ಓಣಿಗೆ ಹೋದ ಮೇಲೆ ನೆನಪಾಯಿತು. ಮಸೀದಿಯಿಂದ ಗಂಡಸರು ಕಬರಸ್ತಾನದ ಕಡೆ ನಡೆದಿದ್ದರು, ಜಮಾಲಸಾಬನೂ ಅವರಲ್ಲಿದ್ದ. ಮನೆಗೆ ಸುಣ್ಣ ಬಳಿದಿತ್ತು. ಬಾಗಿಲ ಮೇಲಿನ ಬಳ್ಳಿಗೆ ಯಾರೋ ಹಸಿರು ಬಣ್ಣ ತುಂಬಿದ್ದರು. ಮನೆ ಹೊಕ್ಕ ದಿನ ಜಮಾಲಸಾಬ ಫಾತೇಹಾ ಪ್ರಾರ್ಥನೆ ಓದಿಸಿದ್ದನಂತೆ, ನಾಲ್ಕು ಜನ ಬಂದು ಹೋಗಿದ್ದರಂತೆ. ಈಗ ಯಾರೂ ಇರಲಿಲ್ಲ. ಖೋಲಿಯಲ್ಲಿ ಅದೇ ಟ್ರಂಕು, ಅದೇ ಹಾಸಿಗೆ ಸುರುಳಿ ಇತ್ತು. ಅವಳು ಇನ್ನೂ ಅದನ್ನು ಬಿಚ್ಚಿ ಹಾಸಿಟ್ಟಿರಲಿಲ್ಲ. ನಾಳೆ ಹೋಗುವವರು ಇಟ್ಟ ಹಾಗಿತ್ತು.

ಕಮರಬಿ ನಳದ ಕಡೆಯಿಂದ ಬಂದಳು, ಸೊಂಟದ ಮೇಲೆ ತುಂಬಿದ ಕೊಡ. ಬಾಗಿಲ ಕಡೆ ಬರದೆ ನೇರ ಪಡುವಣ ಗೋಡೆಯ ಕಡೆ ನಡೆದಳು. ‘ಕಮರಬಿ’ ಎಂದು ಕೂಗಿದೆ. ಅವಳು ಫರಸಿಯ ಅಂಚಿನಲ್ಲಿ ನಿಂತಳು. ಕೊಡವನ್ನು ಸೊಂಟದಿಂದ ಇಳಿಸಿ ಎರಡೂ ಕೈಯಲ್ಲಿ ಹಿಡಿದಳು. ಒಂದು ಹನಿ ತುಳುಕದ ಹಾಗೆ ಹಿಡಿದು, ಗೋಡೆಯ ಕಡೆ ಮುಖ ಮಾಡಿ, ಸ್ವಲ್ಪ ಹೊತ್ತು ನಿಂತೇ ಇದ್ದಳು. ತುಟಿ ಅಲ್ಲಾಡುತ್ತಿದ್ದವು.

ಆಮೇಲೆ ನನ್ನ ಕಡೆ ತಿರುಗಿದಳು.

‘ಹಾಕೂದಿಲ್ರಿ, ಅಂಜಬ್ಯಾಡ್ರಿ’ ಎಂದಳು. ‘ತಂದು ತೋರಸ್ತೀನಿ, ಅಷ್ಟಽ. ತೋರಿಸಿ ಒಳಗ ಒಯ್ತೀನಿ.’

ಕೊಡ ಒಳಗೆ ಒಯ್ದು, ಅದೇ ನೀರಲ್ಲಿ ನನಗೆ ಚಹಾ ಇಟ್ಟಳು.